ಬಿಸಿಲಿನ ಅಂಗಳದ ಅಂಚಿಗೆ ಬಹುವಾರ್ಷಿಕ ಹೂಗಿಡಗಳನ್ನು ಆರಿಸುವ ಬಗೆ

ಸಂಕ್ರಾಂತಿಯ ಆಸುಪಾಸಿನಲ್ಲಿ ನರ್ಸರಿಗೆ ಹೋದವರು ಬರಿಗೈಯಲ್ಲಿ ಮನೆಗೆ ಬರುವುದು ಕಷ್ಟ. ಪಿಟೂನಿಯಾ, ಡಯಾಂತಸ್, ಡೇಲಿಯಾಗಳು ಆ ಹೊತ್ತಿಗೆ ಮೈತುಂಬ ಹೂ ಬಿಟ್ಟಿರುತ್ತವೆ; ಯುಗಾದಿ ಕಳೆಯುವಷ್ಟರಲ್ಲಿ ಅವೇ ಗಿಡಗಳು ಕಾಂಪೌಂಡಿನ ಬುಡದಲ್ಲಿ ಒಣಕಡ್ಡಿಗಳಾಗಿ ನಿಂತಿರುತ್ತವೆ. ಅಂಗಳದ ಅಂಚಿನಲ್ಲಿ ವರ್ಷಗಟ್ಟಲೆ ಉಳಿಯುವ ಹೂವಿನ ಸಾಲು ಬೇಕೆನ್ನುವವರು ಗಿಡ ಇಂದು ಹೇಗೆ ಕಾಣುತ್ತಿದೆ ಎಂಬುದನ್ನು ಬಿಟ್ಟು, ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲಿನಲ್ಲಿ ಅದು ಹೇಗಿರುತ್ತದೆ ಎಂದು ಕೇಳಿಕೊಳ್ಳಬೇಕು. ಹಾಗಾಗಿ ನೆಡುವ ಕಾಲ ಮಳೆಗಾಲವಾದರೂ ಆರಿಸುವ ಕಾಲ ಬೇಸಿಗೆಯೇ. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ನಿಮ್ಮ ಬಡಾವಣೆಯನ್ನು ಸುತ್ತಿ, ಬೀಗ ಹಾಕಿದ ಮನೆಗಳ ಮುಂದೆ, ನೀರು ಹಾಕುವವರಿಲ್ಲದೆಯೂ ಹೂ ಬಿಟ್ಟಿರುವ ಗಿಡಗಳು ಯಾವುವೆಂದು ಬರೆದಿಟ್ಟುಕೊಳ್ಳಿ. ಅದಕ್ಕಿಂತ ನಂಬಿಕೆಯ ಪಟ್ಟಿ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ.

ಬಹುವಾರ್ಷಿಕ ಎಂಬ ಮಾತಿಗೆ ಚಳಿದೇಶಗಳಲ್ಲಿರುವ ಅರ್ಥ ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಗಿಡ ಹಿಮಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಇಲ್ಲಿ ಗಿಡಕ್ಕೆ ವಿಶ್ರಾಂತಿ ಬೇಕಾಗುವುದು ಬೇಸಿಗೆಯ ಒಣಹವೆಯಲ್ಲಿ. ಪಿಯೋನಿಯಂಥ ಗಿಡಗಳು ವಾರಗಟ್ಟಲೆ ಕೊರೆಯುವ ಚಳಿಯನ್ನು ಉಣ್ಣದೆ ಹೂ ಬಿಡುವುದಿಲ್ಲ. ಚಿತ್ರ ನೋಡಿ ಅವುಗಳ ಗೆಡ್ಡೆಯನ್ನು ತರಿಸಿಕೊಳ್ಳುವುದು ದುಡ್ಡು ದಂಡ. ನಮ್ಮ ಸಾಲಿನಲ್ಲಿ ಇರಬೇಕಾದವು ಗಟ್ಟಿ ಕಾಂಡದ ಪೊದೆಗಳು, ಬುಡದಲ್ಲಿ ಮರಿಯೊಡೆಯುವ ಗಿಡಗಳು ಮತ್ತು ಕೆಲವು ಗೆಡ್ಡೆಗಳು.

ಮೊದಲು ಬಿಸಿಲನ್ನು ಅಳೆಯಬೇಕು. ಚಿತ್ರದುರ್ಗ, ದಾವಣಗೆರೆ ಎರಡೂ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಲ್ಲಿ ನಡುಹಗಲಿಗೆ ನೆತ್ತಿಯ ಮೇಲೆ ಬರುವ ಸೂರ್ಯ ಅಲ್ಲಿಂದ ಆಗಸ್ಟ್ ನಡುಭಾಗದವರೆಗೆ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಡಿಸೆಂಬರಿನಲ್ಲಿ ನೆರಳಿನಲ್ಲಿರುವ ಉತ್ತರದ ಗೋಡೆಯ ಬುಡ ಮೇ, ಜೂನ್‌ನಲ್ಲಿ ಬಿಸಿಲಿಗೆ ಬೀಳುತ್ತದೆ. ದಕ್ಷಿಣದ ಅಂಚಿಗೆ ದಿನವಿಡೀ ಬಿಸಿಲು ಸಿಗುವುದು ಚಳಿಗಾಲದಲ್ಲಿ. ಒಂಬತ್ತು, ಹನ್ನೆರಡು ಮತ್ತು ಮೂರು ಗಂಟೆಗೆ ನೆರಳಿನ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ, ಇದನ್ನೇ ಮೇ ತಿಂಗಳಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಮಾಡಿದರೆ ಜಾಗದ ಸ್ವಭಾವ ತಿಳಿಯುತ್ತದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಜಾಗವನ್ನು ಬಿಸಿಲಿನ ಜಾಗವೆನ್ನಬಹುದು. ಪಶ್ಚಿಮಕ್ಕೆ ಮುಖಮಾಡಿದ ಗೋಡೆಯ ಬುಡವಾದರೆ ಕಲ್ಲು, ಸಿಮೆಂಟು ಕಾದು ಸೂರ್ಯ ಮುಳುಗಿದ ಮೇಲೂ ಶಾಖ ಉಗುಳುತ್ತಿರುತ್ತವೆ. ಅಲ್ಲಿ ಗೋಡೆಯಿಂದ ಒಂದೂವರೆ ಅಡಿ ಬಿಟ್ಟೇ ನೆಡುವುದು ಲೇಸು.

ಮಣ್ಣಿನ ವಿಷಯದಲ್ಲಿ ಈ ಎರಡು ಊರುಗಳು ಬೇರೆಬೇರೆ. ದುರ್ಗದ ಕೋಟೆಯ ಸುತ್ತಲಿನ ಬಡಾವಣೆಗಳಲ್ಲಿ ಹೆಚ್ಚಾಗಿ ಕೆಂಪು ಗರಸು ಮಣ್ಣು ಸಿಗುತ್ತದೆ. ನೀರು ಸರ್ರನೆ ಇಳಿದುಹೋಗುತ್ತದೆ, ಹಿಡಿದಿಡುವ ಶಕ್ತಿ ಕಡಿಮೆ. ದಾವಣಗೆರೆಯ ಹಲವು ಕಡೆ ಎರೆಮಣ್ಣಿದ್ದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಅಂಟಾಗಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಒಂದಡಿ ಆಳದ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಎರಡನೇ ಸಲ ತುಂಬಿ, ಆ ನೀರು ನಾಲ್ಕು ಗಂಟೆಯಾದರೂ ನಿಂತೇ ಇದ್ದರೆ ಅಲ್ಲಿ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡದೆ ಯಾವ ಗಿಡವನ್ನೂ ಇಡಬಾರದು. ಒಣಮಣ್ಣಿನ ಹೆಂಟೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಸಣ್ಣ ಗುಳ್ಳೆಗಳೆದ್ದರೆ ಮಣ್ಣಿನಲ್ಲಿ ಸುಣ್ಣದ ಅಂಶ ಇದೆಯೆಂದು ತಿಳಿಯಬೇಕು. ಅದರ ಮೇಲೆ ಗಡಸು ಬೋರ್‌ವೆಲ್ ನೀರೂ ಸೇರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಗಿಡಕ್ಕೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಕರಾವಳಿಯ ಮನೆಗಳ ಮುಂದೆ ಮಿರಿಮಿರಿ ಮಿಂಚುವ ಕೇಪಳ ನಮ್ಮಲ್ಲಿ ಸೊರಗಿ ನಿಲ್ಲುವುದು ಬಹುಪಾಲು ಈ ಕಾರಣದಿಂದ. ನಾನು ಮೂರು ಸಲ ನೆಟ್ಟು, ಮೂರು ಸಲವೂ ಕಿತ್ತೆಸೆದಿದ್ದೇನೆ.

ಇನ್ನು ಗಿಡಗಳು. ನಾಲ್ಕಡಿ ಅಗಲ, ಇಪ್ಪತ್ತಡಿ ಉದ್ದದ ಪಾತಿಯೆಂದು ಇಟ್ಟುಕೊಂಡರೆ ಹಿಂದಿನ ಸಾಲಿಗೆ ನಾಲ್ಕು ಪೊದೆಗಳು ಸಾಕು. ಅಲ್ಲಿ ನನ್ನ ಮೊದಲ ಆಯ್ಕೆ ಕಣಗಿಲೆ. ಹೆದ್ದಾರಿಯ ನಡುವಿನ ವಿಭಜಕದಲ್ಲಿ ಲಾರಿಗಳ ಹೊಗೆ, ಡಾಂಬರಿನ ಝಳ ಎಲ್ಲವನ್ನೂ ತಿಂದು ಹೂ ಬಿಡುವ ಗಿಡಕ್ಕೆ ನಮ್ಮ ಅಂಗಳ ತವರುಮನೆಯಿದ್ದಂತೆ. ಗುಲಾಬಿ, ಬಿಳಿ, ಕೆಂಪು ಬಣ್ಣಗಳಲ್ಲಿ ಸಿಗುತ್ತದೆ. ಐದಡಿಗೊಂದು ನೆಟ್ಟು, ಹೂವಿನ ಭರಾಟೆ ಮುಗಿದ ಮೇಲೆ ಮೂರನೇ ಒಂದು ಭಾಗ ಕತ್ತರಿಸಿದರೆ ಬುಡದಿಂದಲೇ ತುಂಬಿಕೊಳ್ಳುತ್ತದೆ. ಆದರೆ ಇದರ ಎಲೆ, ಕಾಂಡ, ಹೂ, ಬೇರು ಎಲ್ಲವೂ ವಿಷ. ಕತ್ತರಿಸಿದ ರೆಂಬೆಗಳನ್ನು ಬೀದಿಯಲ್ಲಿ ಎಸೆದರೆ ದನ, ಆಡುಗಳು ಮೇಯ್ದು ಸಾಯಬಹುದು. ಸುಟ್ಟರೆ ಹೊಗೆಯೂ ಒಳ್ಳೆಯದಲ್ಲ. ಗುಂಡಿ ತೋಡಿ ಮುಚ್ಚಬೇಕು, ಕತ್ತರಿಸಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕಂಡದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಕಣಗಿಲೆಯನ್ನೂ ಅದಕ್ಕಿಂತ ಅಪಾಯದ ಕಾಯಿ ಬಿಡುವ ಹಳದಿ ಕಣಗಿಲೆಯನ್ನೂ ಬಿಟ್ಟು ರತ್ನಗಂಧಿಯನ್ನು ಹಾಕುವುದು ಮೇಲು. ಅದು ವರ್ಷಕ್ಕೊಮ್ಮೆ ಮೂರಡಿಗೆ ಸವರಿದರೂ ಬೇಸರಿಸದೆ ಚಿಗುರುತ್ತದೆ.

ಹಿಂದಿನ ಸಾಲಿಗೆ ದಾಸವಾಳವೂ ಸರಿ, ಆದರೆ ತಳಿಯನ್ನು ನೋಡಿ ತರಬೇಕು. ಅಂಗೈಯಗಲದ ಎರಡು ಬಣ್ಣದ ಹೈಬ್ರಿಡ್ ದಾಸವಾಳಗಳು ನಮ್ಮ ಮೇ ತಿಂಗಳಲ್ಲಿ ಮೊಗ್ಗು ಉದುರಿಸುತ್ತವೆ; ಹಳೆಯ ಮನೆಗಳ ಹಿತ್ತಿಲಲ್ಲಿರುವ ಐದೆಸಳಿನ ಕೆಂಪು ದಾಸವಾಳ ನೀರು ತುಸು ತಪ್ಪಿದರೂ ಹೂ ಕೊಡುತ್ತದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿ ಕಾಣದ ಗಿಡದಲ್ಲಿ ಹೂ ಮೇಲೆಮೇಲೆ ಹೋಗಿ ಕೈಗೆ ಎಟುಕದಂತಾಗುತ್ತದೆ. ಎಳೆತುದಿಯಲ್ಲಿ ಬಿಳಿ ಹಿಟ್ಟಿನಂತೆ ಕಾಣುವ ಹಿಟ್ಟುತಿಗಣೆ ಇದಕ್ಕೆ ಕಾಟ ಕೊಡುತ್ತದೆ. ಇರುವೆಗಳ ಸಾಲು ಕಾಂಡವನ್ನೇರುತ್ತಿದ್ದರೆ ಕೀಟ ಬಂದಿದೆಯೆಂದೇ ಲೆಕ್ಕ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಚೂರು ಸಾಬೂನು ಕಲಸಿ ಸಂಜೆ ಸಿಂಪಡಿಸಬೇಕು. ಪೂಜೆಯ ಹೂಗಳನ್ನು ಕಾಂಪೌಂಡಿನ ಒಳಬದಿಗೇ ಹಾಕುವುದು ಜಾಣತನ. ಬೆಳಗಿನ ಐದೂವರೆಗೆ ಕವರ್ ಹಿಡಿದು ವಾಕಿಂಗ್ ಬರುವವರ ಭಕ್ತಿ ನಮ್ಮದಕ್ಕಿಂತ ಒಂದು ಗಂಟೆ ಮೊದಲೇ ಏಳುತ್ತದೆ.

ನಡುಸಾಲಿಗೆ ಸ್ಫಟಿಕದ ಹೂವಿಗೆ ಸಾಟಿಯಿಲ್ಲ. ಗೋರಟೆಯ ಜಾತಿಗೆ ಸೇರಿದ, ನೀಲಿ, ಬಿಳಿ, ನಸುಗುಲಾಬಿ ಬಣ್ಣಗಳ ಈ ಗಿಡ ಬೇಸಿಗೆಯಲ್ಲಿ ಬಡವಾಗಿ ಕಂಡರೂ ಹಿಂಗಾರಿನ ಮಳೆ ಬೀಳುತ್ತಲೇ ಚೇತರಿಸಿಕೊಂಡು, ಉಳಿದ ಗಿಡಗಳು ದಣಿದ ನವೆಂಬರಿನಲ್ಲಿ ಮೈತುಂಬ ಅರಳುತ್ತದೆ. ಎರಡಡಿಗೊಂದರಂತೆ ನೆಟ್ಟು, ಫೆಬ್ರುವರಿಯಲ್ಲಿ ಗೇಣುದ್ದ ಬಿಟ್ಟು ಕತ್ತರಿಸಿದರೆ ಸಾಕು. ದುಂಡುಮಲ್ಲಿಗೆ ಬೇಕೆನ್ನುವವರು ನವೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ, ಒಂದೂವರೆ ಅಡಿ ಎತ್ತರಕ್ಕೆ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟರೆ ಬೇಸಿಗೆಯ ಸಂಜೆಗಳಿಗೆ ಹೂ ಸಿಗುತ್ತದೆ. ಬೇಸಿಗೆಯಲ್ಲಿ ಇದಕ್ಕೆ ನೀರು ಬೇಕೇ ಬೇಕು. ನಲ್ಲಿಗೆ ಹತ್ತಿರದ ತುದಿಯಲ್ಲಿ ಹಾಕಿ. ನಂದಿಬಟ್ಟಲು, ಕನಕಾಂಬರಗಳಿಗೆ ಮಧ್ಯಾಹ್ನದ ನಂತರ ನೆರಳು ಬೀಳುವ ಪೂರ್ವದ ಮೂಲೆಯೇ ಒಪ್ಪುತ್ತದೆ.

ಸೇವಂತಿಗೆಯ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳಬೇಕು. ಗೇಟಿನ ಪಕ್ಕದಲ್ಲಿ ನೆಟ್ಟಿದ್ದ ಹಳದಿ ಸೇವಂತಿಗೆ ಎರಡು ವರ್ಷ ಸೊಂಪಾಗಿ ಎಲೆ ಬಿಟ್ಟಿತೇ ಹೊರತು ಮೊಗ್ಗು ಕಟ್ಟಲಿಲ್ಲ. ಗೊಬ್ಬರ ಹೆಚ್ಚಾಯಿತೇನೋ ಎಂದು ನಿಲ್ಲಿಸಿದೆ, ಕಡಿಮೆಯಾಯಿತೇನೋ ಎಂದು ಹಾಕಿದೆ. ಕಾರಣ ಇದ್ದದ್ದು ತಲೆಯ ಮೇಲೆ, ಬೀದಿದೀಪದಲ್ಲಿ. ಸೇವಂತಿಗೆ ಹಗಲು ಕಿರಿದಾಗಿ ಕತ್ತಲು ದೀರ್ಘವಾದಾಗ ಮಾತ್ರ ಮೊಗ್ಗಿಗೆ ತಿರುಗುವ ಗಿಡ. ರಾತ್ರಿಯಿಡೀ ಬೆಳಕು ಬಿದ್ದರೆ ಅದರ ಪಾಲಿಗೆ ಹಗಲು ಮುಗಿಯುವುದೇ ಇಲ್ಲ. ಹೂವನ್ನು ತಡಮಾಡಿಸಬೇಕೆಂದಾಗ ಬೆಳೆಗಾರರು ರಾತ್ರಿ ಬಲ್ಬು ಉರಿಸುವುದೂ ಇದೇ ತತ್ತ್ವದ ಮೇಲೆ. ಅದೇ ಬುಡದ ಮರಿಗಳನ್ನು ಮನೆಯ ಹಿಂದಿನ ಕತ್ತಲ ಬದಿಗೆ ಸಾಗಿಸಿದ ವರ್ಷ ದೀಪಾವಳಿಗೆ ಸರಿಯಾಗಿ ಮೊಗ್ಗೊಡೆಯಿತು.

ಮುಂದಿನ ಅಂಚಿಗೆ ನಿತ್ಯಪುಷ್ಪ, ಅಂದರೆ ನಾವು ಕಾಶಿ ಕಣಗಿಲೆಯೆನ್ನುವ ಗಿಡ, ಅಡಿಗೊಂದರಂತೆ ಹಾಕಿದರೆ ವರ್ಷವಿಡೀ ಬಣ್ಣ ಇರುತ್ತದೆ. ಎರಡು ಮೂರು ವರ್ಷಕ್ಕೆ ಕಾಂಡ ಬರಡಾಗುವುದರಿಂದ ಬುಡದಲ್ಲಿ ತಾನಾಗಿ ಹುಟ್ಟಿದ ಸಸಿಗಳಲ್ಲಿ ಕೆಲವನ್ನು ಉಳಿಸಿಕೊಳ್ಳಬೇಕು. ಮಡಿಯ ತಗ್ಗಿನಲ್ಲಿ ಇದನ್ನು ಇಡಬಾರದು, ನೀರು ನಿಂತರೆ ಬುಡ ಕೊಳೆಯುತ್ತದೆ. ಇದರ ನಡುನಡುವೆ ಸುಗಂಧರಾಜ, ರೈನ್ ಲಿಲ್ಲಿಯ ಗೆಡ್ಡೆಗಳನ್ನು ಹುದುಗಿಸಿದರೆ, ಬೇಸಿಗೆಯಲ್ಲಿ ಇದ್ದೂ ಇಲ್ಲದಂತಿದ್ದ ಲಿಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಒಮ್ಮೆಲೇ ತಲೆ ಎತ್ತುತ್ತದೆ. ಕಾಗದದ ಹೂವಿನ ಬಳ್ಳಿಗೆ ಪಾತಿಯಲ್ಲಿ ಜಾಗ ಕೊಡದೆ ಕಾಂಪೌಂಡಿನ ಮೂಲೆಯಲ್ಲಿ ಬಡಮಣ್ಣಿನಲ್ಲೇ ಬಿಡುವುದು ಒಳ್ಳೆಯದು. ನೀರು, ಗೊಬ್ಬರ ಹೆಚ್ಚಾದಷ್ಟೂ ಅದು ಎಲೆಯನ್ನೇ ಬೆಳೆಸುತ್ತದೆ. ರುಯೆಲಿಯಾದ ನೇರಳೆ ಹೂ ಚೆಂದವೆಂದು ತರುವವರು, ಅದರ ಕಾಯಿ ಸಿಡಿದು ಪಕ್ಕದ ಮನೆಯವರೆಗೂ ಬೀಜ ಹರಡುತ್ತದೆಂಬುದನ್ನು ತಿಳಿದು ತರಬೇಕು. ಲಂಟಾನವನ್ನಂತೂ ತರಲೇಬಾರದು, ನಮ್ಮ ಗುಡ್ಡಗಳನ್ನು ಅದು ಈಗಾಗಲೇ ಸಾಕಷ್ಟು ನುಂಗಿದೆ.

ಕೊಳ್ಳುವಾಗ ಹೂ ತುಂಬಿದ ಗಿಡಕ್ಕಿಂತ ಬುಡದಿಂದ ಮೂರು ನಾಲ್ಕು ಕವಲೊಡೆದ ಗಿಡ್ಡ ಗಿಡ ಉತ್ತಮ. ಕವರಿನ ತೂತಿನಿಂದ ಹೊರಬಂದು ನರ್ಸರಿಯ ನೆಲಕ್ಕೇ ಬೇರು ಬಿಟ್ಟಿರುವ ಗಿಡವನ್ನು ಕಿತ್ತು ಕೊಟ್ಟರೆ ಬೇಡವೆನ್ನಿ. ದೂರದ ಊರುಗಳಿಂದ ಬರುವ ಗಿಡಗಳ ಬೇರಿನ ಸುತ್ತ ಕೆಲವೊಮ್ಮೆ ಗಟ್ಟಿ ಜೇಡಿಯ ಉಂಡೆ ಇರುತ್ತದೆ. ಹಾಗೆಯೇ ನೆಟ್ಟರೆ ಸುತ್ತಲಿನ ಮಣ್ಣು ನೆನೆದರೂ ಉಂಡೆ ಒಣಗಿಯೇ ಉಳಿಯುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಪದರವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೆಡಬೇಕು. ಹಸಿರು ಬಲೆಯ ಕೆಳಗಿದ್ದ ಗಿಡವನ್ನು ನೇರ ಬಿಸಿಲಿಗೆ ತಳ್ಳದೆ ಒಂದು ವಾರ ಅರೆನೆರಳಿನಲ್ಲಿ ಪಳಗಿಸಬೇಕು.

ಜೂನ್‌ನಲ್ಲಿ ಮಳೆ ಬಿದ್ದ ಕೂಡಲೇ ನೆಡಬೇಕೆನಿಸುತ್ತದೆ, ಆದರೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಬಿಡುವಿಲ್ಲದೆ ತಿರುಗಿಸುವ ಆಷಾಢದ ಗಾಳಿ ಎಳೆಗಿಡವನ್ನು ಒಣಗಿಸಿಬಿಡುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ ಕಾಣುವ ದುರ್ಗದಲ್ಲಿ ಅದರ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಾದ್ದರಿಂದ ಆಗಸ್ಟ್ ಕೊನೆಯ ಹೊತ್ತಿಗೆ, ಮಘೆ, ಹುಬ್ಬೆ ಮಳೆಗಳ ನಡುವೆ ನೆಟ್ಟರೆ ಬೇಸಿಗೆಗೆ ಮೊದಲು ಬೇರಿಗೆ ಐದಾರು ತಿಂಗಳು ಸಿಗುತ್ತದೆ. ಒಂದೂವರೆ ಅಡಿ ಗುಂಡಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಬುಡಕ್ಕೆ ಹೊದಿಕೆ ಹಾಕಲು ನಮ್ಮ ಕಡೆ ಏನೂ ಕೊರತೆಯಿಲ್ಲ: ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ. ಮೂರು ಬೆರಳು ದಪ್ಪ ಹರಡಿ, ಗೆದ್ದಲು ಏರದಂತೆ ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಬೇಕು.

ಮೊದಲ ಬೇಸಿಗೆಯಲ್ಲಿ ದಿನವೂ ಚೊಂಬು ನೀರು ಚಿಮುಕಿಸುವುದಕ್ಕಿಂತ ವಾರಕ್ಕೆರಡು ಸಲ ಗಿಡಕ್ಕೊಂದು ಬಕೆಟ್ ನಿಧಾನವಾಗಿ ಇಂಗಿಸಿದರೆ ಬೇರು ಕೆಳಗಿಳಿಯುತ್ತದೆ. ಅಷ್ಟಾದರೂ ಒಂದೆರಡು ಗಿಡ ಸಾಯುತ್ತವೆ. ಅದೇ ಜಾತಿಯನ್ನು ಮತ್ತೆ ತರುವ ಮುನ್ನ ಸತ್ತ ಗಿಡದ ಬುಡವನ್ನು ಅಗೆದು ನೋಡಿ: ಬೇರು ಕಪ್ಪಾಗಿ ಸಿಪ್ಪೆ ಕಳಚಿ ಬಂದರೆ ನೀರು ಹೆಚ್ಚಾಗಿದೆ, ಕಡ್ಡಿಯಂತೆ ಒಣಗಿ ಮುರಿದರೆ ಕಡಿಮೆಯಾಗಿದೆ, ಮಣ್ಣಿನ ಗೂಡು ಕಟ್ಟಿದ್ದರೆ ಗೆದ್ದಲಿನ ಕೆಲಸ, ಕವರಿನ ಆಕಾರದಲ್ಲೇ ಸುತ್ತಿಕೊಂಡು ಉಳಿದಿದ್ದರೆ ನೆಡುವ ದಿನ ಬೇರು ಬಿಡಿಸಿರಲಿಲ್ಲ.