ಆಯಿಯ ಟಿಬಿ, ನನ್ನ ಕಷಾಯದ ಮಡಕೆ

ಮಾತ್ರೆ ಇರುವಾಗ ಕಷಾಯ ಯಾಕೆ ಅಂತ ಜೊತೆಗೆ ಚೀನೀ ವೈದ್ಯ ಓದಿದವರೇ ನಕ್ಕಿದ್ದರು. ಚೀನಾದ ಚೆಂಗ್ಡುವಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿಗೆ ಟಿಬಿ ಬಂದಿತ್ತು. ಅಲ್ಲಿ ತಾಯಿಯ ವಯಸ್ಸಿನ ಹೆಂಗಸರನ್ನು ಆಯಿ ಅಂತ ಕರೆಯುತ್ತಾರೆ. ಧಾರವಾಡದವನಾದ ನನಗೆ ಅದು ಅಜ್ಜಿಯೇ, ಅಲ್ವಾ? ಆಸ್ಪತ್ರೆಯ ನಾಲ್ಕು ಬಗೆಯ ಮಾತ್ರೆಗಳು ಉಚಿತ. ಆದರೆ ನುಂಗಿದರೆ ವಾಕರಿಕೆ, ಊಟ ಸೇರುತ್ತಿರಲಿಲ್ಲ. 41 ಕೆಜಿಗೆ ಇಳಿದಿದ್ದರು. ಎರಡನೇ ವಾರಕ್ಕೇ ಮಾತ್ರೆ ಬೇಡ ಅಂತ ಹಟ ಹಿಡಿದರು. ಕ್ರಿಮಿ ಕೊಲ್ಲುವುದು ಮಾತ್ರೆಯ ಕೆಲಸ, ಆರು ತಿಂಗಳು ಅದನ್ನು ಹೊಟ್ಟೆಯಲ್ಲಿ ನಿಲ್ಲಿಸುವುದು ನನ್ನ ಕೆಲಸ ಅಂದುಕೊಂಡೆ.

ಮೊದಲ ಕಷಾಯ ಪುಸ್ತಕದ ಪ್ರಕಾರವೇ: ಬೈಹೆ (ಲಿಲ್ಲಿ ಗೆಡ್ಡೆ), ಮೈದೊಂಗ್ (ಒಣ ಕೆಮ್ಮಿಗೆ ಕೊಡುವ ಬೇರು), ಬೈಬು (ಇದೂ ಕೆಮ್ಮಿನ ಬೇರೇ), ಜೊತೆಗೆ ಕೈತುಂಬ ಶೂದಿ, ಅಂದರೆ ಬೇಯಿಸಿ ಒಣಗಿಸಿದ ರೆಹ್ಮಾನಿಯಾ ಬೇರು. ರಾತ್ರಿ ಬೆವರು ಕಡಿಮೆಯಾಯಿತು. ಆದರೆ ಶೂದಿ ಬಲು ಜಿಗುಟು, ಸುಲಭಕ್ಕೆ ಜೀರ್ಣವಾಗದು. ಹೊಟ್ಟೆ ಉಬ್ಬರಿಸಿ, ಇದ್ದ ಹಸಿವೂ ಹೋಯಿತು.

ಎರಡನೇ ತಪ್ಪು ದೊಡ್ಡದು. ಶಕ್ತಿ ಬರಲಿ ಅಂತ ಯಾರನ್ನೂ ಕೇಳದೆ ಹೆಶೌವು ಸೇರಿಸಿದೆ, ಲಿವರ್‌ಗೆ ಪೆಟ್ಟು ಕೊಡಬಲ್ಲ ಬೇರು ಅದು. ಮಾತ್ರೆಗಳೇ ಲಿವರ್‌ಗೆ ಭಾರ, ಅದರ ಮೇಲೆ ಇದು! ಮೂರು ವಾರದಲ್ಲಿ ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ) 180ರ ಹತ್ತಿರ. ಡಾಕ್ಟರು ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿದರು, ಹದಿನೈದು ದಿನ ಬಿಟ್ಟು ಒಂದೊಂದಾಗಿ ಮತ್ತೆ ಶುರು ಮಾಡಿದರು. ನನಗೆ ಬೈಗುಳ ಸಿಕ್ಕಿತು, ಸಿಗಬೇಕಾದದ್ದೇ. ಅಂದಿನಿಂದ ಮಡಕೆಗೆ ಬೀಳುವ ಪ್ರತಿ ಬೇರಿನ ಹೆಸರೂ ಮೊದಲು ಡಾಕ್ಟರ ಮೇಜಿಗೆ ಹೋಯಿತು.

ದುಡ್ಡಿನ ಕಥೆ ಬೇರೆ. ಕೆಮ್ಮಿಗೆ ಚುವಾನ್‌ಬೇ ಎಂಬ ದುಬಾರಿ ಗೆಡ್ಡೆ ಅಂತ ಗ್ರಾಂಗೆ 3-4 ಯುವಾನ್ ಕೊಟ್ಟೆ. ಸುಮಾರು 200 ಯುವಾನ್ ನೀರಿಗೆ ಹಾಕಿದ ಹಾಗಾಯಿತು. ಒಳ್ಳೆಯ ಗೆಡ್ಡೆಯಲ್ಲಿ ದೊಡ್ಡ ಹೋಳು ಚಿಕ್ಕದನ್ನು ಚಂದ್ರನ ಹಾಗೆ ಅಪ್ಪಿಕೊಂಡಿರಬೇಕು. ನನಗೆ ಸಿಕ್ಕಿದ್ದು ಯಾವುದೋ ಅಗ್ಗದ ಗೆಡ್ಡೆ. ಆಮೇಲೆ ಚುವಾನ್‌ಬೇ ಕೈಬಿಟ್ಟು, ಚೆಂಗ್ಡುವಿನ ಹೆಹುವಾಚಿ ಗಿಡಮೂಲಿಕೆ ಮಾರುಕಟ್ಟೆಯಿಂದ ಬೈಬು ತಂದು ಮನೆಯಲ್ಲೇ ಜೇನಿನಲ್ಲಿ ಹುರಿದೆ. ಮೊದಲ ಸಲ ಅರ್ಧ ಕೆಜಿ ಕರಕಲು. ಹುರಿದದ್ದು ಕೈಗೆ ಅಂಟದ ಹದಕ್ಕೆ ಬರಬೇಕು. ಜೇನಿಗೆ ನೀರು ಎಷ್ಟು ಅಂತ ಮಾತ್ರ ಬರೆಯುವುದಿಲ್ಲ, ಸುಮ್ನೆ ಕಲಿತದ್ದಲ್ಲ!

ಕೊನೆಗೆ ನಿಂತದ್ದು ಇಷ್ಟು: ಶೂದಿ ಪೂರ್ತಿ ಹೊರಗೆ, ಚೆನ್‌ಪಿ (ಒಣಗಿದ ಕಿತ್ತಳೆ ಸಿಪ್ಪೆ) ಮತ್ತು ಶಾರೆನ್ (ಏಲಕ್ಕಿ ಜಾತಿಯ ಕಾಯಿ) ಒಳಗೆ. ಶಾರೆನ್ ಒಲೆ ಆರಿಸುವ ಐದು ನಿಮಿಷ ಮೊದಲು. ಶಕ್ತಿಗೆ ಕೊಡುವ ಹುವಾಂಗ್‌ಚಿ ಬೇರು ಬೆವರು ನಿಂತ ಮೇಲೆಯೇ, ಅದೂ ಅಕ್ಕಿ ಗಂಜಿಯಲ್ಲಿ. ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಕಷಾಯ ಸಂಜೆ. ನಡುವೆ ಬಿಳಿ ಅಣಬೆ, ಪಿಯರ್ ಹಣ್ಣು, ಕಲ್ಲುಸಕ್ಕರೆಯ ಪಾಯಸವನ್ನೂ ಮಾಡಿ ನೋಡಿದೆ. ರೋಗಕ್ಕೆ ಏನಾಯಿತೋ, ಆಯಿ ಎರಡು ಬಟ್ಟಲು ಉಂಡರು.

ಕಫ ನೆಗೆಟಿವ್ ಬಂತು, ಅದು ಮಾತ್ರೆಯ ಗೆಲುವು. ಆದರೆ ಕಷಾಯ ಹದಕ್ಕೆ ಬಂದ ಮೇಲೆ ಒಂದು ದಿನವೂ ಮಾತ್ರೆ ತಪ್ಪಲಿಲ್ಲ. ತೂಕ 47ಕ್ಕೆ ಏರಿತು. ಆ ಪಾಲು ನನ್ನದು ಅಂತ ನಾನೂ ಸ್ವಲ್ಪ ಜಂಬ ಕೊಚ್ಚಿಕೊಂಡೆ. ನಕ್ಕಿದ್ದ ಗೆಳೆಯ ಈಗ ಶಾರೆನ್ ಎಷ್ಟು ಹಾಕಿದೆ ಅಂತ ಕೇಳುತ್ತಾನೆ. ಆಯಿ ಮಾತ್ರ ತಮ್ಮ ಮಣ್ಣಿನ ಮಡಕೆ ಸೀಳಿದ್ದಕ್ಕೆ ಬಾಡಿಗೆಯ ಜೊತೆ 35 ಯುವಾನ್ ಜಾಸ್ತಿ ವಸೂಲಿ ಮಾಡಿದರು.