ಕಾಲೇಜು ರೇಡಿಯೊ: ಯಾವ ಹಾಡು, ಯಾರಿಗೆ, ಎಷ್ಟು ಹೊತ್ತಿಗೆ?

ಕಾಲೇಜಿನಲ್ಲಿ ರೇಡಿಯೊ ಶುರುವಾದರೆ ಮೊದಲ ಜಗಳವೇ ಹಾಡಿನದು. ಹತ್ತು ಹುಡುಗರು ಕೂತರೆ ಹತ್ತು ಪಟ್ಟಿ. ಕೊನೆಗೆ ಗೆಲ್ಲುವುದು ಈ ವಾರದ ಹಿಟ್ ಹಾಡು. ಅದು ಊರಿನ ದೊಡ್ಡ ಎಫ್‌ಎಂಗಳಲ್ಲೂ ಬರುತ್ತಲೇ ಇರುತ್ತದೆ, ಅಲ್ವಾ? ಹಾಗಾದರೆ ಕೇಳುಗರು ನಿಮ್ಮ ಕಡೆ ಯಾಕೆ ತಿರುಗಬೇಕು?

ಅದಕ್ಕೇ ಮೊದಲು ಬೇರೆ ರೇಡಿಯೊಗಳನ್ನು ಕೇಳಿ. ಒಂದು ವಾರ ನೋಟ್‌ಬುಕ್ ಹಿಡಿದು ಕೂತು, ಊರಲ್ಲಿ ಸಿಗುವ ಎಲ್ಲ ಸ್ಟೇಷನ್‌ಗಳಲ್ಲಿ ಯಾವ ಹೊತ್ತಿಗೆ ಏನು ಬರುತ್ತದೆ ಎಂದು ಬರೆದಿಡಿ. ಶಾಸ್ತ್ರೀಯ ಸಂಗೀತಕ್ಕೆ ಆಕಾಶವಾಣಿಯ ಬೇರೆ ಚಾನೆಲ್ಲೇ ಇದೆ. ನೀವೂ ಅದನ್ನೇ ಇಡೀ ದಿನ ಹಾಕಬೇಕಿಲ್ಲ. ಯಾರೂ ಹಾಕದ್ದು ಯಾವುದು ಎಂದು ಹುಡುಕಿ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಸೀಟನ್ ಹಾಲ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯವಿದೆ. ಅದರ ವಿದ್ಯಾರ್ಥಿ ರೇಡಿಯೊ ಡಬ್ಲ್ಯುಎಸ್‌ಒಯು 1986ರಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹಿಡಿಯಿತು. ದೊಡ್ಡ ಸ್ಟೇಷನ್‌ಗಳಿರುವ ನ್ಯೂಯಾರ್ಕ್ ಪಕ್ಕದಲ್ಲೇ ಇದ್ದರೂ ಆ ಒಂದು ಸಂಗೀತದಿಂದಲೇ ಅದು ಹೆಸರು ಮಾಡಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೊ ಡಬ್ಲ್ಯುಎಚ್‌ಆರ್‌ಬಿ ದಾರಿ ಬೇರೆ. ಅಲ್ಲಿ ಬೆಳಿಗ್ಗೆ ಜಾಝ್, ಮಧ್ಯಾಹ್ನ ಪಾಶ್ಚಾತ್ಯ ಶಾಸ್ತ್ರೀಯ, ರಾತ್ರಿ ರಾಕ್. ಪರೀಕ್ಷೆ ದಿನಗಳಲ್ಲಂತೂ ಒಬ್ಬನೇ ಸಂಗೀತಗಾರನ ಕೃತಿಗಳನ್ನು ಗಂಟೆಗಟ್ಟಲೆ ಹಾಕುತ್ತಾರೆ.

ನಮಗೆ ಈ ಎರಡನೆಯದೇ ಸರಿ ಎನ್ನುವುದು ನನ್ನ ಅನುಭವ. ನಮ್ಮ ಕ್ಯಾಂಪಸ್ ರೇಡಿಯೊಗಳು ನಡೆಯುವುದು ಸಮುದಾಯ ರೇಡಿಯೊ, ಅಂದರೆ ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ರೇಡಿಯೊದ ಪರವಾನಗಿಯಲ್ಲಿ. 100 ವ್ಯಾಟ್ ಪ್ರಸಾರ ಸುಮಾರು ಹತ್ತು ಕಿಲೋಮೀಟರ್ ಮುಟ್ಟುತ್ತದೆ. ಅಷ್ಟರೊಳಗೆ ಹಾಸ್ಟೆಲ್ ಒಂದೇ ಇಲ್ಲ, ಹೂ ಕಟ್ಟುವವರು, ಹೋಟೆಲಿನವರು, ಆಟೊ ಸ್ಟ್ಯಾಂಡ್ ಎಲ್ಲವೂ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯದ ರೇಡಿಯೊ ಸಾರಂಗ್ ಕನ್ನಡದ ಜೊತೆ ತುಳು, ಕೊಂಕಣಿಯಲ್ಲೂ ಮಾತಾಡುವುದು ಸುಮ್ನೆ ಅಲ್ಲ.

ಹಾಗಾಗಿ ಎರಡನೇ ಕೆಲಸ, ಗೇಟಿನ ಆಚೆ ಹೋಗಿ ಬರುವುದು. ನಮ್ಮ ಕಾಲೇಜಿನ ಹಿಂದೆ ಒಬ್ಬ ಟೈಲರ್ ಇದ್ದರು. ರೇಡಿಯೊದ ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಹೊಲಿಗೆ ಮಷೀನಿನ ಪಕ್ಕ ಇಟ್ಟಿದ್ದರು. ನಾವು ಹಾಕುತ್ತಿದ್ದ ಇಂಗ್ಲಿಷ್ ಹಾಡಿಗೆ ಅವರ ಕಾಲು ಪೆಡಲ್ ತುಳಿಯುತ್ತಲೇ ಇತ್ತು. ಒಮ್ಮೆ ಪಕ್ಕದ ಹಳ್ಳಿಯ ಹೆಂಗಸರು ಹಾಡಿದ ಸೋಬಾನೆ ಪದ ಬಂತು. ಮಷೀನು ನಿಂತಿತು. ‘ಇದು ಯಾವೂರೋರು ಹಾಡಿದ್ದು?’ ಎಂದು ಕೇಳಿದರು. ಮಧ್ಯಾಹ್ನದ ಹೊತ್ತು ಜನಪದಕ್ಕೆ ಎಂದು ಅವತ್ತೇ ತೀರ್ಮಾನವಾಯಿತು. ಹಾಸ್ಟೆಲ್ ಹುಡುಗರ ರ‍್ಯಾಪ್, ರಾಕ್ ರಾತ್ರಿ ಊಟದ ನಂತರಕ್ಕೆ ಹೋಯಿತು.

ಹೊತ್ತು ಗೊತ್ತಾದ ಮೇಲೆ ಗಡಿಯಾರದ ಹಾಗೆ ಒಂದು ವೃತ್ತ ಬರೆದು, ಗಂಟೆಯ 60 ನಿಮಿಷವನ್ನು ಹಾಡು, ಮಾತಿಗೆ ಹಂಚಿ. ಎಲ್ಲರಿಗೂ ಗೊತ್ತಿರುವ ಹಾಡು ಮೊದಲು, ಆಮೇಲೆ ಹೊಸದು, ಮತ್ತೆ ಗೊತ್ತಿರುವುದು. ಎರಡು ಹೊಸ ಹಾಡು ಒಟ್ಟಿಗೆ ಬಂದರೆ ಜನ ಸ್ಟೇಷನ್ ಬದಲಿಸುತ್ತಾರೆ. ನಡುವೆ ಮಾತು ಜಾಸ್ತಿ ಬೇಡ. ಹಾಡಿದವರು ಯಾರು, ಯಾವ ಊರು ಎಂದರೆ ಸಾಕು.

ಸಿನಿಮಾ ಹಾಡಿಗೆ ಹಕ್ಕುದಾರರ ಪರವಾನಗಿ ಬೇಕು, ಖರ್ಚೂ ಇದೆ. ಸ್ಥಳೀಯರಿಂದ ಹಾಡಿಸಿದರೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಒಂದು ಸೆಮಿಸ್ಟರ್ ಪೂರ್ತಿ ವೇಳಾಪಟ್ಟಿ ಬದಲಿಸಬೇಡಿ. ಎರಡು ವಾರಕ್ಕೆ ಕೈಬಿಟ್ಟರೆ ಜನಕ್ಕೆ ಆ ಹೊತ್ತು ರೂಢಿಯೇ ಆಗುವುದಿಲ್ಲ. ಫೈನಲ್ ಇಯರ್‌ನವರು ಹೊರಡುವ ಮೊದಲು ಆ ನೋಟ್‌ಬುಕ್ಕನ್ನು ಜೂನಿಯರ್‌ಗಳ ಕೈಗೆ ಕೊಡಿ. ಯಾವ ಹಾಡಿಗೆ ಯಾರು ಫೋನ್ ಮಾಡಿದರು ಎಂಬುದೂ ಅದರಲ್ಲಿರಲಿ.