ಅಮೆರಿಕದಲ್ಲಿ ಕೌಂಟಿ ಪ್ರಾಸಿಕ್ಯೂಟರ್ ಆಗುವುದು ಹೇಗೆ

ಸರ್ಕಾರಿ ವಕೀಲರನ್ನು ಸರ್ಕಾರವೇ ನೇಮಿಸುವುದನ್ನು ನೋಡಿ ಅಭ್ಯಾಸವಾದ ನಮಗೆ ಅಮೆರಿಕದ ಪದ್ಧತಿ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕ್ರಿಮಿನಲ್ ಕೇಸುಗಳ ಹೊಣೆ ಹೊತ್ತ ಮುಖ್ಯ ವಕೀಲರನ್ನು, ಅಂದರೆ ಪ್ರಾಸಿಕ್ಯೂಟರನ್ನು, ಜನರೇ ಓಟು ಹಾಕಿ ಆರಿಸುತ್ತಾರೆ. ಹುದ್ದೆಯ ಹೆಸರೂ ಎಲ್ಲ ಕಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಎಲ್ಲರ ಬಾಯಲ್ಲಿರುವ ‘ಡಿ.ಎ.’. ಇಲಿನಾಯ್‌ನಲ್ಲಿ ಸ್ಟೇಟ್ಸ್ ಅಟಾರ್ನಿ, ಮಿಷಿಗನ್‌ನಲ್ಲಿ ಪ್ರಾಸಿಕ್ಯೂಟಿಂಗ್ ಅಟಾರ್ನಿ, ಅರಿಜೋನಾದಲ್ಲಿ ಕೌಂಟಿ ಅಟಾರ್ನಿ, ವರ್ಜೀನಿಯಾದಲ್ಲಿ ಕಾಮನ್‌ವೆಲ್ತ್ಸ್ ಅಟಾರ್ನಿ.

ಹಾಗಾಗಿ ಮೊದಲ ತೀರ್ಮಾನ ಯಾವ ರಾಜ್ಯ ಎನ್ನುವುದು. ನ್ಯೂಜೆರ್ಸಿಯಲ್ಲಿ ಕೌಂಟಿ ಪ್ರಾಸಿಕ್ಯೂಟರನ್ನು ಗವರ್ನರ್ ನೇಮಿಸುತ್ತಾರೆ. ಕನೆಕ್ಟಿಕಟ್‌ನಲ್ಲಿ ಆ ಕೆಲಸಕ್ಕೆ ಆಯೋಗವಿದೆ. ಅಲಾಸ್ಕಾ, ಡೆಲಾವೇರ್, ರೋಡ್ ಐಲೆಂಡ್‌ಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಕೇಸು ನಡೆಸುತ್ತದೆ. ಅಲ್ಲಿದ್ದುಕೊಂಡು ಈ ಚುನಾವಣೆಯ ಕನಸು ಕಂಡರೆ ಉಪಯೋಗವಿಲ್ಲ. ಉಳಿದ ಕಡೆ ಅವಧಿ ಹೆಚ್ಚಾಗಿ 4 ವರ್ಷ. ಲೂಸಿಯಾನಾದಲ್ಲಿ 6, ಟೆನೆಸ್ಸಿಯಲ್ಲಿ 8. ಅಭ್ಯರ್ಥಿ ಸಾಮಾನ್ಯವಾಗಿ ಆ ಪ್ರದೇಶದ ಮತದಾರರಾಗಿರಬೇಕು, ಅಂದರೆ ಅಮೆರಿಕದ ಪೌರತ್ವ ಬೇಕು. ಆದರೆ ಅಲ್ಲೇ ಹುಟ್ಟಿರಬೇಕೆಂದಿಲ್ಲ, ಆ ಷರತ್ತು ಅಧ್ಯಕ್ಷ, ಉಪಾಧ್ಯಕ್ಷರಿಗೆ ಮಾತ್ರ.

ಓದಿನ ದಾರಿ ಎಲ್ಲ ವಕೀಲರದ್ದೇ: 4 ವರ್ಷದ ಪದವಿ, ಆಮೇಲೆ ಲಾ ಸ್ಕೂಲಿನಲ್ಲಿ 3 ವರ್ಷದ ಕಾನೂನು ಪದವಿ (ಜೆ.ಡಿ.), ಕೊನೆಗೆ ವಕೀಲಿಕೆಯ ಸನ್ನದಿಗಾಗಿ ಬಾರ್ ಪರೀಕ್ಷೆ. ಬಹಳಷ್ಟು ರಾಜ್ಯಗಳು ಅಳವಡಿಸಿಕೊಂಡಿದ್ದ ಏಕರೂಪದ ಪರೀಕ್ಷೆಯಲ್ಲಿ ಎರಡು ದಿನದಲ್ಲಿ 200 ಬಹುಆಯ್ಕೆ ಪ್ರಶ್ನೆ, 6 ಪ್ರಬಂಧ, 2 ಪ್ರಾಯೋಗಿಕ ಬರಹ. 2026ರ ಜುಲೈನಿಂದ ಕೆಲವು ರಾಜ್ಯಗಳಲ್ಲಿ ಇದರ ಜಾಗಕ್ಕೆ ಹೊಸ ಮಾದರಿ ಬರುವ ಏರ್ಪಾಡಾಗಿದೆ. ಕ್ಯಾಲಿಫೋರ್ನಿಯಾದ್ದು ಮೊದಲಿನಿಂದಲೂ ಬೇರೆಯೇ. ಒಮ್ಮೆ ಫೇಲಾದರೆ ಬಾಗಿಲು ಮುಚ್ಚುವುದಿಲ್ಲ. ಕಮಲಾ ಹ್ಯಾರಿಸ್ ಕೂಡ ಮೊದಲ ಸಲ ಪಾಸಾಗಿರಲಿಲ್ಲ. 1990ರಲ್ಲಿ ಅಲಮೇಡಾ ಕೌಂಟಿಯಲ್ಲಿ ಡೆಪ್ಯುಟಿಯಾಗಿ, ಅಂದರೆ ಡಿ.ಎ. ಕೈಕೆಳಗಿನ ವಕೀಲರಾಗಿ, ಸೇರಿದರು, 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಿ.ಎ. ಆಗಿ ಗೆದ್ದರು. ಸನ್ನದು ಕೊಡುವ ಮುನ್ನ ನಡತೆಯನ್ನು ಪರಿಶೀಲಿಸುವ ಅರ್ಜಿಯಲ್ಲಿ ಸುಳ್ಳು ಹೇಳಿ ಎಡವುವವರೂ ಇದ್ದಾರೆ. ಹಳೆಯ ಬಂಧನ, ಕಟ್ಟದ ಸಾಲ ಇವನ್ನು ಇದ್ದಹಾಗೆ ಬರೆಯಿರಿ. ಆ ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಮುಳುವಾಗುತ್ತದೆ.

ಲಾ ಸ್ಕೂಲಿನ ಕೊನೆಯ ವರ್ಷವನ್ನು ತರಗತಿಯಲ್ಲೇ ಕಳೆಯಬೇಡಿ. ಬಹುತೇಕ ರಾಜ್ಯಗಳಲ್ಲಿ ಮೇಲ್ವಿಚಾರಣೆಯಡಿ ವಿದ್ಯಾರ್ಥಿಗಳೇ ಕೋರ್ಟಿನಲ್ಲಿ ನಿಂತು ವಾದಿಸಲು ಅವಕಾಶವಿದೆ, ಕಚೇರಿಗಳು ಖಾಯಂ ಕೆಲಸಕ್ಕೆ ಜನರನ್ನು ಆರಿಸುವುದೂ ಹೆಚ್ಚಾಗಿ ಅಲ್ಲಿಂದಲೇ. ಸಂಬಳ ಖಾಸಗಿ ಕಂಪನಿಗಳ ಹತ್ತಿರಕ್ಕೂ ಬರುವುದಿಲ್ಲ. ಶಿಕ್ಷಣ ಸಾಲವಿದ್ದರೆ ಕೆಲಸಕ್ಕೆ ಸೇರಿದ ದಿನವೇ ಸಾರ್ವಜನಿಕ ಸೇವೆಯ ಸಾಲ ಮನ್ನಾ ಯೋಜನೆಗೆ ಕಾಗದ ಹಾಕಿ. 120 ಅರ್ಹ ಮಾಸಿಕ ಕಂತು, ಅಂದರೆ ಕನಿಷ್ಠ 10 ವರ್ಷ, ಕಟ್ಟಿದ ಮೇಲೆ ಉಳಿದ ಫೆಡರಲ್ ಸಾಲ ಮನ್ನಾ ಆಗುತ್ತದೆ. ತಪ್ಪು ಕಂತು ಯೋಜನೆಯಲ್ಲಿ ಕಟ್ಟಿದ ತಿಂಗಳುಗಳು ಲೆಕ್ಕಕ್ಕೇ ಬರದೆ ಹೋಗಬಹುದು.

ಕೆಳಗಿನ ಕೋರ್ಟು

ಹೊಸ ಡೆಪ್ಯುಟಿಗೆ ಸಿಗುವುದು ಸಣ್ಣ ಅಪರಾಧಗಳು: ಅಂಗಡಿ ಕಳ್ಳತನ, ಹೊಡೆದಾಟ, ಕುಡಿದು ಗಾಡಿ ಓಡಿಸಿದ್ದು. ಇಲ್ಲಿ ಕಲಿಯಬೇಕಾದ್ದು ಫೈಲು ಓದುವುದನ್ನು.

ಕುಡಿದು ಓಡಿಸಿದ ಒಂದು ಕೇಸನ್ನೇ ತೆಗೆದುಕೊಳ್ಳಿ. ಬಹುತೇಕ ರಾಜ್ಯಗಳಲ್ಲಿ ರಕ್ತದಲ್ಲಿರಬಹುದಾದ ಮದ್ಯದ ಮಿತಿ ಶೇ. 0.08 (ಯೂಟಾದಲ್ಲಿ 0.05). ಯಂತ್ರದ ಚೀಟಿಯಲ್ಲಿ 0.09 ಇದೆ. ಹೊಸಬರು ಅದನ್ನು ನೋಡಿ ಆರೋಪಪಟ್ಟಿಗೆ ಸಹಿ ಹಾಕಿಬಿಡುತ್ತಾರೆ. ನೀವು ಮೊದಲು ಗಾಡಿ ತಡೆದದ್ದು ಯಾಕೆ ಎಂದು ನೋಡಿ. ತಡೆಯಲು ಕಾನೂನುಬದ್ಧ ಕಾರಣವಿಲ್ಲದಿದ್ದರೆ ಆಮೇಲೆ ಸಿಕ್ಕ ಸಾಕ್ಷ್ಯವನ್ನೆಲ್ಲ ನ್ಯಾಯಾಧೀಶರು ಹೊರಗಿಡಬಹುದು. ಈ ನಿಯಮವನ್ನು ಸುಪ್ರೀಂ ಕೋರ್ಟು 1961ರ ಮ್ಯಾಪ್ ಪ್ರಕರಣದಲ್ಲಿ ರಾಜ್ಯಗಳಿಗೂ ಅನ್ವಯಿಸಿತು. ನಂತರ ತಡೆದ ಹೊತ್ತು, ಊದಿಸಿದ ಹೊತ್ತು ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಊದಿಸುವ ಮುಂಚೆ ಆರೋಪಿಯ ಮೇಲೆ 15 ನಿಮಿಷ ಕಣ್ಣಿಟ್ಟಿರಬೇಕು ಎಂಬ ನಿಯಮ ಬಹಳ ಕಡೆ ಇದೆ. ತೇಗು ಬಂದರೆ ಬಾಯಿಗೆ ಬಂದ ಮದ್ಯವೇ ಅಂಕಿಯನ್ನು ಏರಿಸಬಹುದು. ಪೊಲೀಸರ ಎದೆಯ ಕ್ಯಾಮೆರಾದ ವಿಡಿಯೊ ಹಾಕಿ ಆ 15 ನಿಮಿಷವನ್ನು ಪೂರ್ತಿ ನೋಡಿ. ಅಧಿಕಾರಿ ತಲೆ ತಗ್ಗಿಸಿ ಫಾರಂ ತುಂಬುತ್ತಿದ್ದರೆ ಪಾಟಿ ಸವಾಲಿನಲ್ಲಿ ಅದೇ ಪ್ರಶ್ನೆ ಬರುವುದು ಖಚಿತ. ವರದಿಯಲ್ಲಿ ‘ತೂರಾಡುತ್ತಿದ್ದ’ ಎಂದಿದ್ದು, ವಿಡಿಯೊದಲ್ಲಿ ಆತ ನೆಟ್ಟಗೆ ನಡೆಯುತ್ತಿದ್ದರೆ ಆ ವಿಡಿಯೊ ಆರೋಪಿಯ ವಕೀಲರ ಕೈಸೇರಲೇಬೇಕು. ಯಂತ್ರದ ಮಾಪನ ಪರೀಕ್ಷೆಯ ದಾಖಲೆಯನ್ನೂ ತರಿಸಿಕೊಳ್ಳಿ.

ಹೀಗೆ ಹಸ್ತಾಂತರಿಸುವುದು ಔದಾರ್ಯವಲ್ಲ. ಆರೋಪಿಗೆ ಅನುಕೂಲವಾಗುವ ಮಹತ್ವದ ಸಾಕ್ಷ್ಯವನ್ನು ಮುಚ್ಚಿಡುವಂತಿಲ್ಲ ಎಂದು 1963ರ ಬ್ರೇಡಿ ತೀರ್ಪು ಹೇಳಿತು. ಸಾಕ್ಷಿಯ ನಂಬಿಕೆಗೆ ಕುಂದು ತರುವ ಸಂಗತಿಗಳಿಗೂ, ಅಂದರೆ ಸಾಕ್ಷಿಗೆ ಕೊಟ್ಟ ಭರವಸೆಯಂಥವಕ್ಕೂ, 1972ರ ಗಿಗ್ಲಿಯೊ ತೀರ್ಪು ಇದನ್ನು ವಿಸ್ತರಿಸಿತು. ಮಾಹಿತಿ ಪೊಲೀಸರ ಬಳಿಯೇ ಉಳಿದಿತ್ತು, ನಮಗೆ ಗೊತ್ತಿರಲಿಲ್ಲ ಎನ್ನುವ ಸಬೂಬು ನಡೆಯುವುದಿಲ್ಲ. ಆದ್ದರಿಂದ ಏನು ಕೊಟ್ಟಿರಿ, ಯಾವ ದಿನ, ಯಾರ ಕೈಗೆ ಎಂದು ಪ್ರತಿ ಫೈಲಿನಲ್ಲೂ ಬರೆದಿಡಿ. ಸುಳ್ಳು ಹೇಳಿ ಸಿಕ್ಕಿಬಿದ್ದ ಪೊಲೀಸರ ಪಟ್ಟಿಯನ್ನು ಅನೇಕ ಕಚೇರಿಗಳು ಇಟ್ಟುಕೊಂಡಿರುತ್ತವೆ. ಸಾಕ್ಷಿಪಟ್ಟಿ ಕೊಡುವ ಮುನ್ನ ಅದನ್ನು ತಾಳೆ ನೋಡಿ.

ಇನ್ನೊಂದು ಕಡೆ ಗಡಿಯಾರ ಓಡುತ್ತಿರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಲ್ಲಿರುವ ಆರೋಪಿಯ ವಿಚಾರಣೆ 60 ದಿನದೊಳಗೆ, ಹೊರಗಿರುವವರದ್ದು 90 ದಿನದೊಳಗೆ ಶುರುವಾಗಬೇಕು. ಲೆಕ್ಕಕ್ಕೆ ಸೇರದ ದಿನಗಳೂ ಇರುತ್ತವೆ, ಆ ಲೆಕ್ಕವನ್ನು ಗುಮಾಸ್ತರಿಗೆ ಬಿಡದೆ ನೀವೇ ಮಾಡಿ. ಗಡುವು ಮೀರಿ ಕೇಸು ಬಿದ್ದುಹೋದರೆ ಅದನ್ನು ಸಂತ್ರಸ್ತರಿಗೆ ಹೇಳಬೇಕಾದವರೂ ನೀವೇ. ಶಿಕ್ಷೆಯಾದ ಕೇಸುಗಳಲ್ಲಿ ಬಹುಪಾಲು ಮುಗಿಯುವುದು ತಪ್ಪೊಪ್ಪಿಗೆಯ ಒಪ್ಪಂದದಲ್ಲಿ. ಹಾಗಾಗಿ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಗುಂಪು) ಮುಂದೆ ನಿಲ್ಲುವ ಅವಕಾಶ ಬಂದಾಗ, ಸೋಲುವ ಭಯವಿದ್ದರೂ, ಬಿಡಬೇಡಿ. ವಾದಿಸಿ ಸೋತ ಹತ್ತು ಕೇಸುಗಳು ಒಪ್ಪಂದದಲ್ಲಿ ಮುಗಿಸಿದ ನೂರಕ್ಕಿಂತ ಹೆಚ್ಚು ಕಲಿಸುತ್ತವೆ ಎನ್ನುವುದು ನಮ್ಮ ಅಭಿಪ್ರಾಯ.

ಮುಂದಿನ ಮೆಟ್ಟಿಲುಗಳು ಗಂಭೀರ ಅಪರಾಧಗಳು, ಕೌಟುಂಬಿಕ ದೌರ್ಜನ್ಯ ಅಥವಾ ಕೊಲೆ ವಿಭಾಗ, ನಂತರ ಚೀಫ್ ಡೆಪ್ಯುಟಿ. ಸಣ್ಣ ಕೌಂಟಿಗಳಲ್ಲಿ ಈ ಮೆಟ್ಟಿಲುಗಳೇ ಇರುವುದಿಲ್ಲ. ಒಬ್ಬ ಪ್ರಾಸಿಕ್ಯೂಟರ್, ಒಂದಿಬ್ಬರು ಸಹಾಯಕರು, ಅಷ್ಟೇ. ಕೆಲವು ರಾಜ್ಯಗಳಲ್ಲಿ ಕೌಂಟಿಯ ಸಿವಿಲ್ ಸಲಹೆಯೂ ಅವರ ತಲೆಗೇ. ಬೇಗ ಮೇಲೇರಬೇಕೆನ್ನುವವರಿಗೆ ಅಂಥ ಕೌಂಟಿಯೇ ವಾಸಿ.

ಓಟು

ಹಾಲಿ ಇರುವವರನ್ನು ಸೋಲಿಸುವುದು ಕಷ್ಟ, ಅನೇಕ ಕೌಂಟಿಗಳಲ್ಲಿ ಅವರಿಗೆ ಎದುರಾಳಿಯೇ ಇರುವುದಿಲ್ಲ. ಅವರು ನಿವೃತ್ತರಾಗುವ ಸುದ್ದಿಗೆ ಕಿವಿ ತೆರೆದಿರಿ. ನಿಮ್ಮ ಬಾಸ್ ವಿರುದ್ಧವೇ ನಿಲ್ಲುವುದಾದರೆ ಕೆಲಸ ಹೋಗಬಹುದು. ಆರು ತಿಂಗಳ ಮನೆಖರ್ಚು ಕೂಡಿಟ್ಟುಕೊಂಡು ಇಳಿಯಿರಿ.

ಚುನಾವಣೆಯ ವರ್ಷವನ್ನೇ ತಪ್ಪು ಲೆಕ್ಕ ಹಾಕುವುದುಂಟು. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಕಾನೂನಿನಿಂದ ಬಹುತೇಕ ಕೌಂಟಿಗಳ ಡಿ.ಎ. ಚುನಾವಣೆ ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಹೋಯಿತು. ಹಾಗಾಗಿ 2022ರಲ್ಲಿ ಗೆದ್ದವರ ಅವಧಿ 2028ರ ಚುನಾವಣೆವರೆಗೆ ಹಿಗ್ಗಿತು. ನಾಮಪತ್ರದ ಶುಲ್ಕವೂ ರಾಜ್ಯಕ್ಕೊಂದು ಥರ. ವಾಷಿಂಗ್ಟನ್‌ನಲ್ಲಿ ಅದು ಆ ಹುದ್ದೆಯ ವಾರ್ಷಿಕ ಸಂಬಳದ ಶೇ. 1, ಸಲ್ಲಿಸುವುದು ಮೇ ತಿಂಗಳ ಒಂದೇ ವಾರದಲ್ಲಿ. ಮತದಾರರ ಸಹಿ ಕೇಳುವ ರಾಜ್ಯಗಳಲ್ಲಿ ಬೇಕಾದ್ದರ ಒಂದೂವರೆ ಪಟ್ಟು ಸಂಗ್ರಹಿಸಿ. ವಿಳಾಸ ಬದಲಾದದ್ದು, ಬೇರೆ ಕೌಂಟಿಯದ್ದು ಎಂದು ಒಂದಷ್ಟು ಸಹಿಗಳು ಬಿದ್ದೇ ಬೀಳುತ್ತವೆ.

ಮೊದಲ ಡಾಲರ್ ಬರುವ ಮುಂಚೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಲೆಕ್ಕ ಬಲ್ಲ ಖಜಾಂಚಿಯನ್ನು ಇಟ್ಟುಕೊಳ್ಳಿ. ಕಚೇರಿಯ ಫೋನು, ಇಮೇಲು, ಕೆಲಸದ ವೇಳೆ ಯಾವುದನ್ನೂ ಪ್ರಚಾರಕ್ಕೆ ಮುಟ್ಟಬೇಡಿ. ನಿಮ್ಮ ಕೇಸಿನಲ್ಲಿ ಎದುರು ನಿಂತಿರುವ ವಕೀಲರ ದೇಣಿಗೆ ಕಾನೂನಿನಲ್ಲಿ ಸರಿಯಿದ್ದರೂ ಬೇಡ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಬೆಂಬಲ, ಪೊಲೀಸ್ ಸಂಘದ ಬೆಂಬಲ ಕೇಳಬಹುದು. ನ್ಯಾಯಾಧೀಶರನ್ನು ಕೇಳಬೇಡಿ, ಅಭ್ಯರ್ಥಿಗಳನ್ನು ಬಹಿರಂಗವಾಗಿ ಬೆಂಬಲಿಸದಂತೆ ಅವರಿಗೆ ನೀತಿಸಂಹಿತೆ ಇದೆ.

ಪ್ರಚಾರದ ಹೊತ್ತಿನಲ್ಲಿ ನಡೆಯುತ್ತಿರುವ ಕೇಸಿನ ಬಗ್ಗೆ ಮಾತಾಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಉತ್ತರ ಕೆರೊಲಿನಾದ ಡರಮ್ ಕೌಂಟಿಯಲ್ಲಿ ಮೈಕ್ ನೈಫಾಂಗ್ 2006ರಲ್ಲಿ ಚುನಾವಣೆ ಎದುರಿಸುತ್ತಲೇ ಡ್ಯೂಕ್ ವಿಶ್ವವಿದ್ಯಾಲಯದ ಆಟಗಾರರ ಮೇಲಿನ ಅತ್ಯಾಚಾರ ಆರೋಪದ ಬಗ್ಗೆ ಪತ್ರಕರ್ತರ ಮುಂದೆ ಮಾತಾಡುತ್ತ ಹೋದರು. ಆರೋಪಿಗಳಿಗೆ ಅನುಕೂಲವಾಗಿದ್ದ ಡಿಎನ್‌ಎ ಫಲಿತಾಂಶವನ್ನು ಪೂರ್ತಿಯಾಗಿ ಕೊಡಲಿಲ್ಲ. ಚುನಾವಣೆ ಗೆದ್ದರು. 2007ರ ಏಪ್ರಿಲ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಆರೋಪಗಳನ್ನು ಕೈಬಿಟ್ಟರು, ಜೂನ್‌ನಲ್ಲಿ ನೈಫಾಂಗ್ ಅವರ ವಕೀಲಿಕೆಯ ಸನ್ನದೇ ಹೋಯಿತು.

ಗೆದ್ದ ಮೇಲೂ ಕುರ್ಚಿ ಭದ್ರವಲ್ಲ. 2022ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು ಡಿ.ಎ. ಚೆಸಾ ಬೂಡಿನ್ ಅವರನ್ನು ಅವಧಿ ಮುಗಿಯುವ ಮೊದಲೇ ಇಳಿಸಿದರು. ಅದೇ ಆಗಸ್ಟ್‌ನಲ್ಲಿ ಫ್ಲೋರಿಡಾದ ಗವರ್ನರ್ ಒಬ್ಬ ಚುನಾಯಿತ ಸ್ಟೇಟ್ ಅಟಾರ್ನಿಯನ್ನು ಅಮಾನತು ಮಾಡಿದರು. ‘ಇಂಥ ಅಪರಾಧಕ್ಕೆ ಕೇಸೇ ಹಾಕುವುದಿಲ್ಲ’ ಎಂದು ಮೊದಲೇ ಸಾರುವುದಕ್ಕಿಂತ ಪ್ರತಿ ಫೈಲನ್ನೂ ಅದರದರ ಸಾಕ್ಷ್ಯದ ಮೇಲೆ ತೂಗುವುದು ಕಾನೂನಿನ ದೃಷ್ಟಿಯಿಂದಲೂ ಸುರಕ್ಷಿತ.

ಪ್ರಮಾಣವಚನಕ್ಕೆ ಮುಂಚೆ ಎರಡು ಪಟ್ಟಿ ತಯಾರಾಗಿರಲಿ. ಖಾಸಗಿ ವಕಾಲತ್ತಿನಿಂದ ಬಂದಿದ್ದರೆ ನಿಮ್ಮ ಹಳೆಯ ಕಕ್ಷಿದಾರರೆಲ್ಲರ ಹೆಸರು ಒಂದರಲ್ಲಿ. ಅವರ ಕೇಸುಗಳಿಂದ ನೀವು ದೂರ ನಿಲ್ಲಬೇಕು, ಕೆಲವನ್ನು ಬೇರೆ ಕೌಂಟಿಗೋ ಅಟಾರ್ನಿ ಜನರಲ್‌ಗೋ ಒಪ್ಪಿಸಬೇಕಾಗುತ್ತದೆ. ಇನ್ನೊಂದರಲ್ಲಿ ಮುಂದಿನ 30 ದಿನದಲ್ಲಿ ಗಡುವು ಮುಗಿಯುವ ಕೇಸುಗಳು. ಹಳಬರು ಹೊರಟ ವಾರ, ಹೊಸಬರು ಬಂದ ವಾರ, ಇವೆರಡರ ನಡುವೆಯೇ ದಿನಗಳು ಜಾರಿಹೋಗುವುದು.